ಸಂಸ್ಕೃತ ಕಾಲೇಜಿನ ಹುದ್ದೆಗೆ ಯಾರು ಅರ್ಹರು? ಮೀಮಾಂಸೆ ನೆರವಿಗೆ ಬಂದ ಒಂದು ಪ್ರಕರಣ

ಸಂಸ್ಕೃತ ಕಾಲೇಜಿನಲ್ಲಿ ಒಂದು ಉಪನ್ಯಾಸಕ ಹುದ್ದೆಗೆ ಜಾಹೀರಾತು ಬಂತು ಅಂದುಕೊಳ್ಳಿ. ವಿಷಯ ವ್ಯಾಕರಣ. ಅರ್ಹತೆಯ ಕಾಲಂನಲ್ಲಿ 'ಸಂಬಂಧಪಟ್ಟ ವಿಷಯದಲ್ಲಿ ಸ್ನಾತಕೋತ್ತರ ಪದವಿ' ಎಂದಿದೆ. ಅರ್ಜಿ ಹಾಕಿದವರಲ್ಲಿ ಒಬ್ಬರು ವ್ಯಾಕರಣದಲ್ಲೇ ಆಚಾರ್ಯ (ಸಂಸ್ಕೃತ ವಿಶ್ವವಿದ್ಯಾಲಯಗಳ ಎಂಎ ಮಟ್ಟದ ಪದವಿ) ಮಾಡಿದವರು. ಇನ್ನೊಬ್ಬರು ಸಾಹಿತ್ಯದಲ್ಲಿ ಆಚಾರ್ಯ, ಆದರೆ ಪಿಎಚ್‌ಡಿ ಮಾಡಿದ್ದು ವ್ಯಾಕರಣದಲ್ಲಿ. ಮೂರನೆಯವರದು ಸಾಮಾನ್ಯ ವಿಶ್ವವಿದ್ಯಾಲಯದ ಸಂಸ್ಕೃತ ಎಂಎ. ಇವರಲ್ಲಿ ಯಾರ ಪದವಿ 'ಸಂಬಂಧಪಟ್ಟ' ವಿಷಯದ್ದು? ಮೂವರ ಪದವಿಯೂ ಹೌದೇ? ಒಬ್ಬರದು ಮಾತ್ರವೇ? ನೇಮಕವಾದ ಮೇಲೆ ಕೋರ್ಟಿಗೆ ಹೋಗುವ ತಕರಾರುಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಇದಕ್ಕೆ ತುಂಬ ಹತ್ತಿರದ ಉತ್ತರ ಕೊಟ್ಟ ಸುಪ್ರೀಂ ಕೋರ್ಟ್ ತೀರ್ಪು ಸಂಸ್ಕೃತ ಕಾಲೇಜಿನಿಂದ ಹೋದದ್ದಲ್ಲ. ಹರಿಯಾಣದ ಸಿರ್ಸಾದಿಂದ ಹೋದದ್ದು. ಆದರೂ ಸಂಸ್ಕೃತ ಓದಿದವರು, ಕಲಿಸುವವರು ಅದನ್ನು ಓದಲೇಬೇಕು. ಏಕೆಂದರೆ ಅಲ್ಲಿ ಅರ್ಹತೆಯ ನಿಯಮವನ್ನು ಬಿಡಿಸಿದ್ದು ವೇದವಾಕ್ಯಗಳಿಗೆ ಅರ್ಥ ಹೇಳುವ ಶಾಸ್ತ್ರವಾದ ಜೈಮಿನಿಯ ಮೀಮಾಂಸೆಯ ಒಂದು ನ್ಯಾಯದಿಂದ, ಅಂದರೆ ಅರ್ಥ ಮಾಡುವ ಒಂದು ಸೂತ್ರದಿಂದ. ಪ್ರಕರಣದ ಹೆಸರು ರಾಜ್‌ಬೀರ್ ಸಿಂಗ್ ದಲಾಲ್ ವಿರುದ್ಧ ಚೌಧರಿ ದೇವಿಲಾಲ್ ವಿಶ್ವವಿದ್ಯಾಲಯ. ತೀರ್ಪು 2008ರದು.

ನಡೆದದ್ದೇನು

ಚೌಧರಿ ದೇವಿಲಾಲ್ ವಿಶ್ವವಿದ್ಯಾಲಯ ಶುರುವಾದದ್ದು 2003ರಲ್ಲಿ. ಅಲ್ಲಿ ಸಾರ್ವಜನಿಕ ಆಡಳಿತ ವಿಭಾಗಕ್ಕೆ ಒಬ್ಬ ರೀಡರ್ ಬೇಕಿತ್ತು. ಈಗ ಸಹ ಪ್ರಾಧ್ಯಾಪಕ ಎನ್ನುವ ದರ್ಜೆಗೆ ಆಗ ರೀಡರ್ ಎನ್ನುತ್ತಿದ್ದರು. ಆಯ್ಕೆ ಸಮಿತಿ ದಲಾಲ್ ಅವರನ್ನು ಆರಿಸಿತು, ನೇಮಕವೂ ಆಯಿತು. ಇದನ್ನು ಪ್ರಶ್ನಿಸಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿಗೆ ರಿಟ್ ಅರ್ಜಿ ಹೋಯಿತು. ತಕರಾರು ಸರಳವಾಗಿತ್ತು. ಹುದ್ದೆ ಸಾರ್ವಜನಿಕ ಆಡಳಿತದ್ದು, ನೇಮಕವಾದವರ ಸ್ನಾತಕೋತ್ತರ ಪದವಿ ರಾಜ್ಯಶಾಸ್ತ್ರದ್ದು. ವಿಷಯವೇ ಬೇರೆ ಎಂದ ಮೇಲೆ ಅರ್ಹತೆ ಎಲ್ಲಿಂದ ಬಂತು? ಹೈಕೋರ್ಟ್ ಈ ವಾದ ಒಪ್ಪಿ ನೇಮಕ ರದ್ದು ಮಾಡಿತು. ದಲಾಲ್ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿದರು. ಪೀಠದಲ್ಲಿದ್ದವರು ನ್ಯಾಯಮೂರ್ತಿಗಳಾದ ಅಲ್ತಮಸ್ ಕಬೀರ್ ಮತ್ತು ಮಾರ್ಕಂಡೇಯ ಕಟ್ಜು.

ಆಗ ಜಾರಿಯಲ್ಲಿದ್ದದ್ದು ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2000ನೇ ಇಸವಿಯ ನಿಯಮಗಳು. ಅದರಲ್ಲಿ ಲೆಕ್ಚರರ್ ಹುದ್ದೆಗೆ ಏನು ಬೇಕು ಎಂಬುದು ಸ್ಪಷ್ಟವಾಗಿತ್ತು: ಒಳ್ಳೆಯ ಶೈಕ್ಷಣಿಕ ದಾಖಲೆ, ಸಂಬಂಧಪಟ್ಟ ವಿಷಯದ ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ. 55 ಅಂಕ, ಜೊತೆಗೆ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ರೀಡರ್ ಹುದ್ದೆಯ ವಾಕ್ಯ ಬೇರೆ ಥರ ಇತ್ತು. ಒಳ್ಳೆಯ ಶೈಕ್ಷಣಿಕ ದಾಖಲೆ, ಡಾಕ್ಟರೇಟ್ ಅಥವಾ ಅದಕ್ಕೆ ಸಮನಾದ ಪ್ರಕಟಿತ ಕೆಲಸ, 5 ವರ್ಷದ ಬೋಧನೆ ಇಲ್ಲವೇ ಸಂಶೋಧನೆಯ ಅನುಭವ. 'ಸಂಬಂಧಪಟ್ಟ ವಿಷಯ' ಎಂಬ ಮಾತು ಅಲ್ಲಿ ಇರಲಿಲ್ಲ.

ಇದು ಸಣ್ಣ ಲೋಪವಲ್ಲ. ಬರೆದದ್ದನ್ನು ಬರೆದ ಹಾಗೆಯೇ ಓದಿದರೆ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವರು ಇತಿಹಾಸದ ರೀಡರ್ ಆಗಬಹುದು. ಹಾಗಂತ ಬರೆಯದೆ ಇರುವ ಷರತ್ತನ್ನು ಕೋರ್ಟ್ ಸುಮ್ನೆ ಸೇರಿಸಿಕೊಳ್ಳುವುದಕ್ಕೂ ಆಗುವುದಿಲ್ಲ, ಅಲ್ವಾ? ಸೇರಿಸಬೇಕಾದರೆ ಅದಕ್ಕೊಂದು ಆಧಾರ ಬೇಕು.

ಅನುಷಂಗ

ಕಟ್ಜು ಅವರು ಆ ಆಧಾರವನ್ನು ತಂದದ್ದು ಮೀಮಾಂಸೆಯಿಂದ. ನಮ್ಮ ಕೋರ್ಟುಗಳಲ್ಲಿ ವಕೀಲರು ಮ್ಯಾಕ್ಸ್‌ವೆಲ್, ಕ್ರೇಯ್ಸ್ ಎಂದು ಇಂಗ್ಲಿಷ್ ಗ್ರಂಥಕಾರರನ್ನೇ ಎತ್ತಿ ಹೇಳುತ್ತಾರೆ, ಮೀಮಾಂಸೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ ಎಂಬ ಬೇಸರವನ್ನು ಅವರು ಹಲವು ತೀರ್ಪುಗಳಲ್ಲಿ ಹೇಳಿಕೊಂಡಿದ್ದಾರೆ. ಅಲಹಾಬಾದ್ ಹೈಕೋರ್ಟಿನಲ್ಲಿದ್ದಾಗಲೂ ಅವರು ಇದನ್ನು ಬಳಸಿದ್ದರು. ಇಂಟರ್‌ಮೀಡಿಯೆಟ್ ಕಾಲೇಜೊಂದರಲ್ಲಿ ಒಂದೇ ದಿನ ನೇಮಕವಾದ ಇಬ್ಬರು ಗುಮಾಸ್ತರಲ್ಲಿ ಯಾರು ಸೀನಿಯರ್ ಎಂಬ ಜಗಳ ಅದು. ಗುಮಾಸ್ತರ ವಿಷಯದಲ್ಲಿ ನಿಯಮ ಇರಲಿಲ್ಲ, ಅಧ್ಯಾಪಕರ ವಿಷಯದಲ್ಲಿ ಇತ್ತು. ಒಂದು ಕಡೆಯ ವಿಧಿಯನ್ನು ಅಂಥದೇ ಇನ್ನೊಂದು ಕಡೆಗೆ ಒಯ್ಯುವ 'ಅತಿದೇಶ'ದಿಂದ ಅದನ್ನು ಬಗೆಹರಿಸಿದ್ದರು.

ದಲಾಲ್ ಪ್ರಕರಣದಲ್ಲಿ ಬಳಸಿದ್ದು 'ಅನುಷಂಗ'. ಒಂದು ವಾಕ್ಯದಲ್ಲಿ ಬಂದ ಮಾತು ಪಕ್ಕದ ವಾಕ್ಯಕ್ಕೂ ಸೇರಿದ್ದಾಗಿರಬಹುದು. ಪ್ರತಿಸಲ ಬರೆಯುವುದು ಬೇಡವೆಂದು ಒಂದೇ ಕಡೆ ಬರೆದಿರುತ್ತಾರೆ. ಹಾಗಾಗಿ ಲೆಕ್ಚರರ್ ನಿಯಮದಲ್ಲಿರುವ 'ಸಂಬಂಧಪಟ್ಟ ವಿಷಯ' ಎಂಬ ಮಾತನ್ನು ರೀಡರ್ ನಿಯಮಕ್ಕೂ ಸೇರಿಸಿಯೇ ಓದಬೇಕು ಎಂದು ಕೋರ್ಟ್ ಹೇಳಿತು.

ಸಂಸ್ಕೃತ ಓದಿದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಜೈಮಿನಿ ಸೂತ್ರದ ಎರಡನೇ ಅಧ್ಯಾಯದ ಮೊದಲ ಪಾದದಲ್ಲಿ 'ಅನುಷಂಗೋ ವಾಕ್ಯಸಮಾಪ್ತಿಃ ಸರ್ವೇಷು ತುಲ್ಯಯೋಗಿತ್ವಾತ್' ಎಂಬ ಸೂತ್ರ ಬರುತ್ತದೆ. ಎಲ್ಲದರ ಜೊತೆ ಸಮಾನ ಸಂಬಂಧ ಇರುವುದರಿಂದ ಅನುಷಂಗದಿಂದಲೇ ವಾಕ್ಯ ಪೂರ್ತಿಯಾಗುತ್ತದೆ ಎಂದು ಅದರ ಅರ್ಥ. ಅಲ್ಲಿನ ಉದಾಹರಣೆ ಜ್ಯೋತಿಷ್ಟೋಮ ಎಂಬ ಸೋಮಯಾಗದ ಉಪಸದ್ ಎಂಬ ವಿಧಿಯ ಮಂತ್ರಗಳದು. 'ಯಾ ತೇ ಅಗ್ನೇಽಯಾಶಯಾ' ಎಂದು ಶುರುವಾಗುವ ಮಂತ್ರದ ಕೊನೆಯಲ್ಲಿ 'ತನೂರ್ವರ್ಷಿಷ್ಠಾ' ಮೊದಲಾದ ಮಾತುಗಳು ಪೂರ್ತಿ ಇವೆ. ಆಮೇಲಿನ 'ಯಾ ತೇ ಅಗ್ನೇ ರಜಾಶಯಾ', 'ಯಾ ತೇ ಅಗ್ನೇ ಹರಾಶಯಾ' ಎರಡೂ ಅಷ್ಟಕ್ಕೇ ನಿಲ್ಲುತ್ತವೆ. ಹಾಗೆ ನಿಂತರೆ ಅರ್ಥ ಪೂರ್ತಿಯಾಗುವುದಿಲ್ಲ. ಮೂರಕ್ಕೂ ಆ ಕೊನೆಯ ಮಾತುಗಳ ಜೊತೆ ಒಂದೇ ಥರದ ಸಂಬಂಧ ಇದೆ. ಹಾಗಾಗಿ ಅವು ಮೂರಕ್ಕೂ ಸೇರುತ್ತವೆ.

ಮುಂದಿನ ವಾಕ್ಯದ ಮಾತು ಹಿಂದಿನದಕ್ಕೂ ಹೋಗಬಹುದೇ? ಹೋಗಬಹುದು. 'ಚಿತ್ಪತಿಸ್ತ್ವಾ ಪುನಾತು, ವಾಕ್ಪತಿಸ್ತ್ವಾ ಪುನಾತು, ದೇವಸ್ತ್ವಾ ಸವಿತಾ ಪುನಾತು' ಎಂಬಲ್ಲಿ 'ಅಚ್ಛಿದ್ರೇಣ ಪವಿತ್ರೇಣ' ಎಂಬುದು ಕೊನೆಯಲ್ಲಿ ಮಾತ್ರ ಇದೆ. ಆದರೂ ಮೊದಲ ಎರಡಕ್ಕೂ ಅದನ್ನು ಸೇರಿಸುತ್ತಾರೆ. ಆದರೆ ಅದಕ್ಕೊಂದು ಮಿತಿಯೂ ಇದೆ. ಮುಂದಿನ ಸೂತ್ರವೇ 'ವ್ಯವಾಯಾನ್ನಾನುಷಜ್ಯೇತ' ಎನ್ನುತ್ತದೆ. ನಡುವೆ ಸಂಬಂಧವಿಲ್ಲದ್ದು ಅಡ್ಡ ಬಂದರೆ ಅನುಷಂಗ ಇಲ್ಲ.

ಹೀಗೆ ನೋಡಿದರೆ ಕೋರ್ಟಿನ ಓದು ಶಾಸ್ತ್ರಕ್ಕೆ ಒಪ್ಪುವಂಥದ್ದು ಎಂದೇ ನನಗೆ ಅನ್ನಿಸುತ್ತದೆ. ರೀಡರ್, ಲೆಕ್ಚರರ್ ಎರಡೂ ಒಂದೇ ನಿಯಮಾವಳಿಯಲ್ಲಿ, ಒಂದೇ ಉದ್ದೇಶಕ್ಕೆ, ಹತ್ತಿರ ಹತ್ತಿರವೇ ಬರುವ ವಾಕ್ಯಗಳು. ಎರಡಕ್ಕೂ 'ವಿಷಯ'ದ ಜೊತೆ ಸಮಾನ ಸಂಬಂಧ ಇದೆ. ಸೂತ್ರದ 'ತುಲ್ಯಯೋಗಿತ್ವ' ಅಂದರೆ ಇದೇ. ಇಷ್ಟಕ್ಕೆ ಮೀಮಾಂಸೆ ಬೇಕಿತ್ತೇ, ಸಾಮಾನ್ಯ ಕಾನೂನಿನ ಮಾರ್ಗದಲ್ಲೂ ಇದೇ ಉತ್ತರ ಬರುತ್ತಿರಲಿಲ್ಲವೇ ಎಂದು ಕೆಲವರು ಕೇಳಬಹುದು. ಬರುತ್ತಿತ್ತೇನೋ. ಆದರೆ ಎಲ್ಲಿ ಮಾತು ಸೇರಿಸಬಹುದು, ಎಲ್ಲಿ ಸೇರಿಸಬಾರದು ಎಂಬ ಗಡಿಯನ್ನು ಇಷ್ಟು ಬಿಗಿಯಾಗಿ ಹೇಳುವ ಸೂತ್ರ ನಮ್ಮಲ್ಲಿ ಇರುವಾಗ ಅದನ್ನು ಬಿಟ್ಟು ನಡೆಯುವುದು ನಷ್ಟವೇ. ನಮ್ಮ ಸಂಸ್ಕೃತ ಕಾಲೇಜುಗಳಲ್ಲಿ ಮೀಮಾಂಸೆ ಓದುವವರು ಕಡಿಮೆಯಾಗುತ್ತಿರುವ ಹೊತ್ತಿನಲ್ಲಿ ದೇಶದ ಅತಿ ದೊಡ್ಡ ಕೋರ್ಟು ಅದನ್ನು ಕೆಲಸಕ್ಕೆ ಹಚ್ಚಿದ್ದು ನನಗೆ ತುಂಬಾ ದೊಡ್ಡ ವಿಷಯ.

ಹಾಗಾದರೆ ನೇಮಕ ಉಳಿದದ್ದು ಹೇಗೆ

ಅನುಷಂಗದಿಂದ ದಲಾಲ್ ಅವರಿಗೆ ಲಾಭ ಆಗಲಿಲ್ಲ. ಅವರ ದಾರಿ ಇನ್ನೂ ಕಿರಿದಾಯಿತು. ರೀಡರ್ ಹುದ್ದೆಗೂ ಪದವಿ ಸಂಬಂಧಪಟ್ಟ ವಿಷಯದಲ್ಲೇ ಇರಬೇಕು ಎಂದಾಯಿತಲ್ಲ. ಅವರನ್ನು ಉಳಿಸಿದ್ದು ಎರಡನೇ ಹೆಜ್ಜೆ. ಸಾರ್ವಜನಿಕ ಆಡಳಿತಕ್ಕೆ ರಾಜ್ಯಶಾಸ್ತ್ರ 'ಸಂಬಂಧಪಟ್ಟ' ವಿಷಯವೇ ಎಂದು ಹೇಳಬೇಕಾದವರು ಯಾರು? ನ್ಯಾಯಾಧೀಶರಲ್ಲ, ಆ ವಿದ್ಯೆಯನ್ನು ಬಲ್ಲವರು. ಈ ಎರಡೂ ಒಂದಕ್ಕೊಂದು ಹೆಣೆದುಕೊಂಡ ವಿಷಯಗಳು, ಒಂದರಲ್ಲಿ ಪದವಿ ಪಡೆದವರು ಇನ್ನೊಂದಕ್ಕೂ ಅರ್ಹರು ಎಂದು ಯುಜಿಸಿ ಅಭಿಪ್ರಾಯ ಕೊಟ್ಟಿತ್ತು. ಆ ಅಭಿಪ್ರಾಯ ಇರುವಾಗ ಕೋರ್ಟ್ ತನ್ನ ಅಭಿಪ್ರಾಯವನ್ನು ಅದರ ಮೇಲೆ ಹೇರಬಾರದು. ಹೈಕೋರ್ಟಿನ ಆದೇಶ ಹೋಯಿತು, ನೇಮಕ ಉಳಿಯಿತು.

ಇಲ್ಲಿ ಎರಡು ಕೆಲಸಗಳನ್ನು ಬೇರೆ ಬೇರೆ ಇಟ್ಟಿದ್ದಾರೆ. ನಿಯಮ ಏನು ಕೇಳುತ್ತದೆ ಎಂದು ಹೇಳುವುದು ಕೋರ್ಟಿನ ಕೆಲಸ. ಈ ಅಭ್ಯರ್ಥಿಯ ಪದವಿ ಅದಕ್ಕೆ ಹೊಂದುತ್ತದೆಯೇ ಎಂದು ಹೇಳುವುದು ತಜ್ಞರ ಕೆಲಸ. ನೇಮಕಾತಿ ತಕರಾರುಗಳಲ್ಲಿ ವಕೀಲರು, ಆಡಳಿತ ಮಂಡಳಿಗಳು, ಕೆಲವೊಮ್ಮೆ ಕೋರ್ಟುಗಳೂ ಎಡವುವುದು ಇವೆರಡನ್ನೂ ಕಲಸಿದಾಗ.

ಇದರ ಬೇರು ನಮ್ಮಲ್ಲೇ ಇದೆ

ತಜ್ಞರ ಮಾತಿಗೆ ಕೋರ್ಟ್ ಮನ್ನಣೆ ಕೊಡಬೇಕು ಎಂಬುದಕ್ಕೆ ಇಡೀ ದೇಶದಲ್ಲಿ ಇವತ್ತಿಗೂ ಎತ್ತಿ ಹೇಳುವ ತೀರ್ಪು ಮೈಸೂರು ವಿಶ್ವವಿದ್ಯಾಲಯ ವಿರುದ್ಧ ಸಿ.ಡಿ. ಗೋವಿಂದರಾವ್. ಅದು 1963ರ ಆಗಸ್ಟ್‌ನ ಐದು ನ್ಯಾಯಮೂರ್ತಿಗಳ ಪೀಠದ ತೀರ್ಪು. ಬರೆದವರು ನ್ಯಾಯಮೂರ್ತಿ ಗಜೇಂದ್ರಗಡ್ಕರ್.

1959ರ ಜುಲೈ 31ರಂದು ಮೈಸೂರು ವಿಶ್ವವಿದ್ಯಾಲಯ ಪ್ರೊಫೆಸರ್ ಮತ್ತು ರೀಡರ್ ಹುದ್ದೆಗಳಿಗೆ ಅರ್ಜಿ ಕರೆದಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ರಿಸರ್ಚ್ ರೀಡರ್ ಹುದ್ದೆಗೆ ಅಣ್ಣಯ್ಯ ಗೌಡರ ನೇಮಕವಾಯಿತು. ಜಾಹೀರಾತು ಕೇಳಿದ್ದು ಭಾರತದ ವಿಶ್ವವಿದ್ಯಾಲಯದ 'ಮೊದಲ ದರ್ಜೆ ಅಥವಾ ಉತ್ತಮ ಎರಡನೇ ದರ್ಜೆ'ಯ ಎಂಎ, ಇಲ್ಲವೇ ವಿದೇಶಿ ವಿಶ್ವವಿದ್ಯಾಲಯದ ತತ್ಸಮಾನ ಪದವಿ. ಕನ್ನಡ ಬಂದರೆ ಒಳ್ಳೆಯದು ಎಂದೂ ಇತ್ತು. ಗೌಡರಿಗೆ ಮೈಸೂರು ಎಂಎಯಲ್ಲಿ ಶೇ. 50.2 ಅಂಕ. ಜೊತೆಗೆ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಎಂಎ. ಗೋವಿಂದರಾವ್ ಅವರು ಹೈಕೋರ್ಟಿನಲ್ಲಿ ಕೋ ವಾರಂಟೊ ರಿಟ್ ಕೇಳಿದರು. ಅಂದರೆ ಈ ಹುದ್ದೆಯಲ್ಲಿ ಯಾವ ಅಧಿಕಾರದಿಂದ ಕೂತಿದ್ದೀರಿ ಎಂದು ಕೇಳುವ ರಿಟ್. ಆ ಹುದ್ದೆಯನ್ನು ತಮಗೇ ಕೊಡಿಸಿ ಎಂದೂ ಕೇಳಿದ್ದರು. ಹೈಕೋರ್ಟ್ ಎರಡನೆಯದನ್ನು ಕೊಡಲಿಲ್ಲ, ಆದರೆ ನೇಮಕ ರದ್ದು ಮಾಡಿತು. ಶೇ. 50.2 'ಉತ್ತಮ ಎರಡನೇ ದರ್ಜೆ' ಹೇಗಾಗುತ್ತದೆ ಎಂಬುದು ಅದರ ಪ್ರಶ್ನೆ.

ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಡರ್ಹಮ್ ಪದವಿಯನ್ನು ಹೇಗೆ ತೂಗಬೇಕೆಂದು ತಜ್ಞರ ಮಂಡಳಿ ನೋಡಿದೆ, ಆ ತಜ್ಞರ ಮೇಲೆ ದುರುದ್ದೇಶದ ಆರೋಪವೂ ಇಲ್ಲ, ಇಂಥಲ್ಲಿ ಕೋರ್ಟುಗಳು ಕೈಹಾಕಲು ಹಿಂದೆಮುಂದೆ ನೋಡಬೇಕು ಎಂದಿತು. ಕೋರ್ಟ್ ನೋಡಬೇಕಾದದ್ದು ನೇಮಕ ಯಾವುದಾದರೂ ಶಾಸನವನ್ನೋ ಕಡ್ಡಾಯ ನಿಯಮವನ್ನೋ ಮೀರಿದೆಯೇ ಎಂಬುದನ್ನು.

ಈ ತೀರ್ಪನ್ನು ಆಡಳಿತ ಮಂಡಳಿಗಳು ಅರ್ಧ ಮಾತ್ರ ನೆನಪಿಡುತ್ತವೆ. ತಜ್ಞರು ಒಪ್ಪಿದ್ದಾರೆ ಎಂದ ಕೂಡಲೇ ಎಲ್ಲ ಸರಿಯಾಗುವುದಿಲ್ಲ. ಇದಕ್ಕೆ ಎದುರು ನಿಲ್ಲುವುದು 2009ರ ಮೊಹಮ್ಮದ್ ಸೊಹ್ರಾಬ್ ಖಾನ್ ವಿರುದ್ಧ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ ಪ್ರಕರಣ. ಜಾಹೀರಾತು ಕೊಟ್ಟದ್ದು ಪಾಲಿಟೆಕ್ನಿಕ್‌ನ ರಸಾಯನಶಾಸ್ತ್ರ ಲೆಕ್ಚರರ್ ಹುದ್ದೆಗೆ. ಆರಿಸಿದ್ದು ಕೈಗಾರಿಕಾ ರಸಾಯನಶಾಸ್ತ್ರದಲ್ಲಿ ಪದವಿ ಪಡೆದವರನ್ನು. ಅವರೇ ಬೇಕಿದ್ದರೆ ಜಾಹೀರಾತಿನಲ್ಲೇ ಹಾಗೆ ಹೇಳಬೇಕಿತ್ತು, ನಡುವೆ ನಿಯಮ ಬದಲಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ ಆ ನೇಮಕವನ್ನು ತೆಗೆದುಹಾಕಿತು. ಮೇಲುನೋಟಕ್ಕೆ ಇದು ದಲಾಲ್ ತೀರ್ಪಿಗೆ ಉಲ್ಟಾ. ವ್ಯತ್ಯಾಸ ಇರುವುದು ತಜ್ಞರ ಅಭಿಪ್ರಾಯ ಎಲ್ಲಿಂದ, ಯಾವಾಗ ಬಂತು ಎಂಬಲ್ಲಿ. ಒಂದರಲ್ಲಿ ಹೊರಗಿನ ತಜ್ಞ ಸಂಸ್ಥೆ ಎಲ್ಲರಿಗೂ ಅನ್ವಯಿಸುವಂತೆ ಎರಡು ವಿಷಯಗಳ ನಂಟನ್ನು ಹೇಳಿತ್ತು. ಇನ್ನೊಂದರಲ್ಲಿ ಆಯ್ಕೆ ಮಾಡಲು ಕೂತವರೇ ಹುದ್ದೆಯ ಸ್ವರೂಪವನ್ನು ತಮ್ಮ ಮೇಜಿನ ಮೇಲೆ ಬದಲಿಸಿದ್ದರು.

ಸಂಸ್ಕೃತದ ಹುದ್ದೆಗೆ ಬಂದಾಗ

ಈಗಿರುವುದು ಯುಜಿಸಿಯ 2018ರ ನಿಯಮ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅದು ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಕೇಳುತ್ತದೆ. ಯಾವ ವಿಷಯದಲ್ಲಿ? ಆಯಾ ವಿಷಯ, ಸಂಬಂಧಪಟ್ಟ ವಿಷಯ ಅಥವಾ ಪೂರಕ ವಿಷಯ ಎಂದು ಮೂರನ್ನೂ ಒಟ್ಟಿಗೆ ಇಟ್ಟಿದೆ. 2000ದ ನಿಯಮದಲ್ಲಿ ಒಂದೇ ಮಾತಿದ್ದಾಗಲೇ ಇಷ್ಟು ಜಗಳ ಆಗಿತ್ತು. ಈಗ ಬಾಗಿಲು ಅಗಲವಾಗಿದೆ, ಹಾಗೇ ವಾದಕ್ಕೆ ಜಾಗವೂ ಜಾಸ್ತಿಯಾಗಿದೆ.

ನೆಟ್ ವಿಷಯದಲ್ಲಿ ಈಗ ಹೆಚ್ಚು ಗೊಂದಲ ಉಳಿದಿಲ್ಲ. ನೆಟ್‌ನಂಥ ಪರೀಕ್ಷೆಯ ನಿಯಮ ಮಾಡುವ ಅಧಿಕಾರ ಯುಜಿಸಿಗೆ ಇದೆ ಎಂದು 1994ರ ದಿಲ್ಲಿ ವಿಶ್ವವಿದ್ಯಾಲಯ ವಿರುದ್ಧ ರಾಜ್ ಸಿಂಗ್ ತೀರ್ಪೇ ಹೇಳಿತ್ತು. ಮೊದಲೇ ಪಿಎಚ್‌ಡಿ ಮಾಡಿದ್ದೇವೆ, ನಮಗೆ ವಿನಾಯಿತಿ ಬೇಕು ಎಂದವರ ವಾದವನ್ನು 2015ರ ಪಿ. ಸುಶೀಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ಆದರೆ ಸಂಸ್ಕೃತಕ್ಕೆ ನೆಟ್ ಎರಡು ಥರ ಇದೆ. 25ನೇ ವಿಷಯ ಸಂಸ್ಕೃತ. 73ನೇ ವಿಷಯ ಸಂಸ್ಕೃತದ ಸಾಂಪ್ರದಾಯಿಕ ವಿಷಯಗಳು. ಈ ಎರಡನೆಯದರಲ್ಲಿ ಜ್ಯೋತಿಷ, ವ್ಯಾಕರಣ, ನವ್ಯ ವ್ಯಾಕರಣ, ಮೀಮಾಂಸೆ, ನವ್ಯ ನ್ಯಾಯ, ಧರ್ಮಶಾಸ್ತ್ರ, ಸಾಹಿತ್ಯ, ಮಧ್ವ ವೇದಾಂತ, ಆಗಮ ಎಲ್ಲವೂ ಬರುತ್ತವೆ. ಜ್ಯೋತಿಷ ಓದಿದವರೂ ವ್ಯಾಕರಣ ಓದಿದವರೂ ಒಂದೇ ಹೆಸರಿನ ಪ್ರಮಾಣಪತ್ರ ತರುತ್ತಾರೆ. ಹಾಗಾಗಿ 73ರಲ್ಲಿ ನೆಟ್ ಆಗಿದೆ ಎಂಬುದರಿಂದ ವ್ಯಾಕರಣದ ಹುದ್ದೆಗೆ ಅರ್ಹತೆ ತೀರ್ಮಾನವಾಗುವುದಿಲ್ಲ. ಪದವಿ ಯಾವ ಶಾಸ್ತ್ರದ್ದು ಎಂದು ನೋಡಲೇಬೇಕು.

ಪದವಿಗಳ ಹೆಸರಿನಲ್ಲೂ ತೊಡಕಿದೆ. ಸಂಸ್ಕೃತ ವಿಶ್ವವಿದ್ಯಾಲಯಗಳಲ್ಲಿ ಶಾಸ್ತ್ರಿ ಬಿಎ ಮಟ್ಟದ್ದು, ಆಚಾರ್ಯ ಎಂಎ ಮಟ್ಟದ್ದು, ವಿದ್ಯಾವಾರಿಧಿ ಪಿಎಚ್‌ಡಿ. ನಮ್ಮ ಕರ್ನಾಟಕದ ಪಾಠಶಾಲೆಗಳ ಕ್ರಮ ಬೇರೆ. ಪ್ರಥಮ, ಕಾವ್ಯ, ಸಾಹಿತ್ಯ, ಆಮೇಲೆ ವಿದ್ವತ್. ಮೈಸೂರಿನ ಮಹಾರಾಜ ಸಂಸ್ಕೃತ ಕಾಲೇಜು ಶುರುವಾದದ್ದು 1876ರಲ್ಲಿ, ನಮ್ಮ ರಾಜ್ಯದ ಈಗಿನ ವಿಶ್ವವಿದ್ಯಾಲಯಗಳಿಗಿಂತ ಎಷ್ಟೋ ಮುಂಚೆ. ಅಲ್ಲಿ ವಿದ್ವತ್ ಪಡೆದ ಪಂಡಿತರ ವಿದ್ಯೆಯನ್ನು ಯಾರೂ ಅನುಮಾನಿಸುವುದಿಲ್ಲ. ಆದರೆ ನೇಮಕಾತಿಯಲ್ಲಿ ಕೇಳುವ ಪ್ರಶ್ನೆ ವಿದ್ಯೆ ಎಷ್ಟಿದೆ ಎಂಬುದಲ್ಲ. ಆ ವಿದ್ವತ್ ಈ ಹುದ್ದೆಗೆ ಕೇಳಿದ ಸ್ನಾತಕೋತ್ತರ ಪದವಿಗೆ ಸಮ ಎಂದು ಯಾವ ಆದೇಶ ಹೇಳುತ್ತದೆ ಎಂಬುದು. ಮನಸ್ಸಿಗೆ ನೋವಾಗುವ ಪ್ರಶ್ನೆ. ಇಡೀ ಪಾಣಿನಿಯನ್ನು ಬಾಯಲ್ಲಿಟ್ಟುಕೊಂಡವರು ಒಂದು ತತ್ಸಮಾನ ಪತ್ರಕ್ಕಾಗಿ ಕಚೇರಿ ಅಲೆಯುವುದು ಸರಿಯಲ್ಲ. ಆದರೂ ಪತ್ರ ಇಲ್ಲದಿದ್ದರೆ ಕೋರ್ಟು ಅದನ್ನು ಹುಟ್ಟಿಸಿ ಕೊಡುವುದಿಲ್ಲ. 2018ರ ಜಹೂರ್ ಅಹ್ಮದ್ ರಾಥರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ತತ್ಸಮಾನ ಯಾವುದೆಂದು ಹೇಳಬೇಕಾದವರು ನೇಮಕ ಮಾಡುವವರು. ಕೇಳಿದ ಅರ್ಹತೆಯನ್ನು ಹಿಗ್ಗಿಸುವುದು ಕೋರ್ಟಿನ ಕೆಲಸವಲ್ಲ.

ಮೊದಲಿಗೆ ಹೇಳಿದ ವ್ಯಾಕರಣದ ಹುದ್ದೆಗೆ ಈಗ ದಲಾಲ್ ತೀರ್ಪನ್ನು ಹಚ್ಚಿ ನೋಡಬಹುದು. ವ್ಯಾಕರಣಾಚಾರ್ಯರ ಬಗ್ಗೆ ಪ್ರಶ್ನೆಯೇ ಇಲ್ಲ. ಸಾಹಿತ್ಯಾಚಾರ್ಯರ ವಿಷಯದಲ್ಲಿ, ಸಾಹಿತ್ಯ ವ್ಯಾಕರಣಕ್ಕೆ ಪೂರಕ ವಿಷಯ ಎಂದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯೋ ಯುಜಿಸಿಯೋ ಮೊದಲೇ ಹೇಳಿದ್ದರೆ ನೇಮಕ ನಿಲ್ಲುತ್ತದೆ. ಹೇಳಿಲ್ಲದಿದ್ದರೆ, ಸಂದರ್ಶನದ ದಿನ ಆಯ್ಕೆ ಸಮಿತಿ ತಾನೇ ಹಾಗೆಂದುಕೊಂಡರೆ, ಅಲಿಗಢದ ಗತಿ ಬರಬಹುದು. ವ್ಯಾಕರಣದ ಪಿಎಚ್‌ಡಿ ಅವರ ಕೈ ಹಿಡಿಯುತ್ತದೆ ಎಂದು ಖಾತ್ರಿಯಾಗಿ ಹೇಳಲಾಗದು. ನಿಯಮ ಕೇಳುವುದು ಸ್ನಾತಕೋತ್ತರ ಪದವಿಯ ವಿಷಯವನ್ನು. ಸಂಸ್ಕೃತ ಎಂಎಯವರ ವಿಷಯ ಜಾಹೀರಾತಿನ ಮಾತಿನ ಮೇಲೆ ನಿಂತಿದೆ. 'ಸಂಸ್ಕೃತ' ಎಂದಷ್ಟೇ ಇದ್ದರೆ ಅವರು ಒಳಗೆ. 'ವ್ಯಾಕರಣದಲ್ಲಿ ಆಚಾರ್ಯ ಅಥವಾ ತತ್ಸಮಾನ' ಎಂದಿದ್ದರೆ, ಅವರ ಎಂಎ ಅದಕ್ಕೆ ಸಮ ಎಂಬ ಆದೇಶ ಕೈಯಲ್ಲಿರಬೇಕು.

ಹಾಗಾಗಿ ಕಾಲೇಜಿನ ಆಡಳಿತದವರಿಗೆ ನನ್ನ ಕೋರಿಕೆ ಒಂದೇ. ಯಾವ ಶಾಸ್ತ್ರದ ಹುದ್ದೆಗೆ ಯಾವ ಯಾವ ಪದವಿ ನಡೆಯುತ್ತದೆ ಎಂಬುದನ್ನು ಶಾಸ್ತ್ರ ಬಲ್ಲವರಿಂದ ಬರೆಸಿ, ಮಂಡಳಿಯಲ್ಲಿ ಒಪ್ಪಿಸಿ, ಆಮೇಲೆ ಜಾಹೀರಾತು ಕೊಡಿ. ಅದ್ವೈತ ವೇದಾಂತದ ಹುದ್ದೆಗೆ ದ್ವೈತ ವೇದಾಂತದ ಆಚಾರ್ಯರು ಬರಬಹುದೇ ಎಂಬಂಥ ಪ್ರಶ್ನೆಗೂ ಆಗಲೇ ಉತ್ತರ ಇರಲಿ.

ಅಭ್ಯರ್ಥಿಗಳು ಗಮನಿಸಬೇಕಾದದ್ದು ಕಾಲ. ಜಾಹೀರಾತಿನ ಷರತ್ತೇ ತಪ್ಪು ಎನ್ನಿಸಿದರೆ ಅರ್ಜಿ ಹಾಕುವ ಹೊತ್ತಿಗೇ ಬರಹದಲ್ಲಿ ಆಕ್ಷೇಪಣೆ ಕೊಡಬೇಕು. ಸಂದರ್ಶನಕ್ಕೆ ಹೋಗಿ, ಆಯ್ಕೆಯಾಗದೆ ಬಂದ ಮೇಲೆ ಆಯ್ಕೆಯ ಕ್ರಮವೇ ಸರಿಯಿಲ್ಲ ಎಂದರೆ ಕೋರ್ಟ್ ಕೇಳುವುದಿಲ್ಲ. 1995ರ ಮದನ್ ಲಾಲ್ ಪ್ರಕರಣದಿಂದ ಇದು ಗಟ್ಟಿಯಾಗಿದೆ. ಆದರೆ ನೇಮಕವಾದವರಿಗೆ ಕಡ್ಡಾಯ ನಿಯಮದ ಅರ್ಹತೆಯೇ ಇಲ್ಲ ಎಂಬ ತಕರಾರು ಬೇರೆ. ಅದಕ್ಕೆ ಕೋ ವಾರಂಟೊ ದಾರಿ ಇದೆ, ಸ್ವತಃ ಅಭ್ಯರ್ಥಿ ಅಲ್ಲದವರೂ ಅದನ್ನು ಕೇಳಬಹುದು. ಗೆದ್ದರೆ ಆ ನೇಮಕ ಹೋಗುತ್ತದೆ. ಹುದ್ದೆ ಮಾತ್ರ ಅರ್ಜಿ ಹಾಕಿದವರಿಗೆ ತಾನಾಗಿ ಬರುವುದಿಲ್ಲ. ಕಾಲೇಜು ಮತ್ತೆ ಜಾಹೀರಾತು ಕೊಡಬೇಕಾಗುತ್ತದೆ, ಅಲ್ಲಿಯವರೆಗೆ ಆ ಶಾಸ್ತ್ರದ ತರಗತಿಗೆ ಅತಿಥಿ ಉಪನ್ಯಾಸಕರೇ ಗತಿ.